ಹುಳುಕು ಚೀಟಿ

ಮದುವೆ ಮಾತುಕತೆಗೆ ಬಂದ ದಿನವೇ ಮಾವನಾಗುವವರು ಅವಳ ಮುಂದೆ ತಮ್ಮ ಮನೆಯ ಹುಳುಕನ್ನೆಲ್ಲ ಬೆರಳು ಮಡಿಸಿ ಎಣಿಸಿದ್ದರು. "ಅಡುಗೆಮನೆ ನಲ್ಲಿ ಸೋರುತ್ತೆ. ಮೂರು ಸಲ ರಿಪೇರಿ ಆಗಿದೆ, ಮತ್ತೂ ಸೋರುತ್ತೆ. ನಿಮ್ಮತ್ತೆ ಆಗೋರಿಗೆ ಬೆಳಗ್ಗೆ ಚಹಾ ಕುಡಿಯೋ ತನಕ ಮೂಗಿನ ತುದೀಲೇ ಕೋಪ. ಮಗನ ಮನಸ್ಸು ಒಳ್ಳೇದು, ಆದ್ರೆ ಗಾಳಿ ಬೀಸಿದ ಕಡೆ ವಾಲ್ತಾನೆ. ನನಗೆ ಮಾತು ಜಾಸ್ತಿ. ಇಷ್ಟು ಹುಳುಕು. ಒಪ್ಪಿದೆಯೇನಮ್ಮಾ?"

ಅವಳು ನಗು ತಡೆದುಕೊಂಡು "ಒಪ್ಪಿದೆ" ಎಂದಿದ್ದಳು. ಎಂಟು ವರ್ಷವಾಯಿತು. ನಲ್ಲಿ ಈಗಲೂ ಸೋರುತ್ತದೆ.

ಮಾವ ಹಳೆ ಕಾರುಗಳನ್ನು ಮಾರುತ್ತಿದ್ದದ್ದೂ ಹೀಗೆಯೇ. ಅಂಗಡಿಯ ಅಂಗಳದಲ್ಲಿ ನಿಂತ ಪ್ರತಿ ಕಾರಿನ ಗಾಜಿನೊಳಗೆ ಒಂದು ಹಳದಿ ಚೀಟಿ, ಅದರಲ್ಲಿ ಅವರದೇ ದುಂಡು ಅಕ್ಷರದಲ್ಲಿ ಆ ಕಾರಿನ ಹುಳುಕು. ಎರಡನೇ ಗೇರು ಬಿಗಿ. ಹಿಂದಿನ ಎಡಬಾಗಿಲು ಗುದ್ದಿಸಿಕೊಂಡು ಬದಲಾದದ್ದು. ಜೋರು ಮಳೆ ಬಂದರೆ ಡಿಕ್ಕಿಗೆ ನೀರು. ಗಿರಾಕಿ ಬಂದರೆ ಮೊದಲು ಚೀಟಿ ಓದಬೇಕು, ಗಿರಾಕಿ ಬಾಯಿಬಿಟ್ಟು "ಒಪ್ಪಿದೆ" ಅನ್ನಬೇಕು, ಬೆಲೆಯ ಮಾತು ಆಮೇಲೆ. ಒಪ್ಪದವರಿಗೆ ಚಹಾ ಕೊಟ್ಟು ಕಳಿಸುವುದು. ಮೂವತ್ತೊಂದು ವರ್ಷ ಹೀಗೆ ವ್ಯಾಪಾರ ಮಾಡಿದ್ದಕ್ಕೆ ಊರು ಅವರಿಗೆ ಕೊಟ್ಟ ಹೆಸರು ಹುಳುಕಪ್ಪ. ಹಾಗೆ ಕರೆದರೆ ಅವರಿಗೆ ಸಿಟ್ಟಿಲ್ಲ, ಒಳಗೊಳಗೇ ಖುಷಿ.

ಕಾರು ಕೊಳ್ಳುವಾಗ ಇನ್ನೊಂದು ಪದ್ಧತಿ. ಮಾರಲು ಬಂದವನು ಕಾರಿನ ಕಥೆಯನ್ನೆಲ್ಲ ಹೇಳಿ ಮುಗಿಸಿದ ಮೇಲೆ ಮಾವ ನಿಧಾನವಾಗಿ "ಇನ್ನೊಂದ್ಸಲ ಹೇಳಿ" ಎನ್ನುತ್ತಿದ್ದರು. "ನಿಜ ಎಷ್ಟು ಸಲ ಹೇಳಿದ್ರೂ ಅದೇ. ಸುಳ್ಳು ಎರಡನೇ ಸಲಕ್ಕೆ ಎಲ್ಲೋ ಒಂದು ಕಡೆ ಸಡಿಲ ಆಗುತ್ತೆ" ಎಂಬುದು ಅವರ ಸಿದ್ಧಾಂತ. ಈ ಸಿದ್ಧಾಂತ ಕೇಳಿ ಕೇಳಿ ಅತ್ತೆಯ ಕಿವಿ ತೂತಾಗಿತ್ತು.

ಆದರೆ ಈಚೆಗೆ ಚೀಟಿ ಓದಿಸಿಕೊಳ್ಳಲು ಗಿರಾಕಿಯೇ ಇರಲಿಲ್ಲ. ವಾರಕ್ಕೊಬ್ಬ ಬಂದರೆ ಹೆಚ್ಚು. ಒಂದು ಸಂಜೆ ಊಟದ ಮೇಜಿನಲ್ಲಿ ಗಂಡ ಫೋನನ್ನು ಆಲೂಗಡ್ಡೆ ಪಾತ್ರೆಗೆ ಒರಗಿಸಿಟ್ಟ.

"ಕೇಳಿ ಇಲ್ಲಿ. ಈಗ ಯಾರೂ ಅಂಗಡಿ ಹುಡುಕ್ಕೊಂಡು ಬೀದಿ ಸುತ್ತಲ್ಲ. ಇದನ್ನ ಕೇಳ್ತಾರೆ." ಫೋನಿಗೆ ಹೇಳಿದ: "ಈ ಊರಲ್ಲಿ ನಂಬಿಕಸ್ಥ ಹಳೆ ಕಾರು ಎಲ್ಲಿ ಸಿಗುತ್ತೆ?"

ಫೋನಿನ ಎಐ ಸೊಗಸಾದ ದನಿಯಲ್ಲಿ ಮೂರು ಅಂಗಡಿಗಳ ಹೆಸರು ಹೇಳಿತು. ಮೊದಲನೆಯದು ರಿಂಗ್ ರಸ್ತೆಯ ಗಾಜಿನ ಶೋರೂಮು. ಇವರದು ಮೂರರಲ್ಲೂ ಇಲ್ಲ.

"ನಮ್ಮದನ್ನ ಹೆಸರು ಹಿಡಿದು ಕೇಳೋ," ಎಂದರು ಅತ್ತೆ.

"ಕೇಳಿದೀನಮ್ಮ. ಬಹುಶಃ ಮುಚ್ಚಿರಬಹುದು ಅನ್ನುತ್ತೆ."

"ಯಾರು ಹೇಳಿದ್ದು ಇದಕ್ಕೆ?" ಮಾವ ಚಮಚ ಕೆಳಗಿಟ್ಟರು. "ಬೆಳಗ್ಗೆ ನಾನೇ ಬಾಗಿಲು ತೆಗೆದೆ!"

"ನೀವು ತೆಗೆದದ್ದು ಅದಕ್ಕೆ ಕಾಣಲ್ಲಪ್ಪ. ರಿಂಗ್ ರಸ್ತೆಯೋರು ನನ್ನ ಕೆಲಸಕ್ಕೆ ಕರೀತಿದಾರೆ. ಇನ್ನು ಎರಡು ತಿಂಗಳು ನೋಡ್ತೀನಿ. ಆಮೇಲೆ ನನ್ನ ದೂರಬೇಡಿ."

ಮಗ ಹೋದರೆ ಅಂಗಡಿ ಮುಚ್ಚಿದ ಹಾಗೆಯೇ ಎಂದು ಮೇಜಿನ ಸುತ್ತ ಕೂತ ನಾಲ್ವರಿಗೂ ಗೊತ್ತಿತ್ತು. ಮಾವನ ಕಣ್ಣಿಗೆ ಪೊರೆ ಬಂದಿತ್ತು. ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕಾರು ರಿಪೇರಿ ಮಾಡುವ ಮೇಸ್ತ್ರಿಗೆ ಇಂಜಿನ್ನಿನ ಜೊತೆ ಬಿಟ್ಟರೆ ಬೇರೆ ಯಾರ ಜೊತೆಯೂ ಮಾತು ಬರದು.

"ನಾನು ನೋಡಲಾ?" ಎಂದಳು ಸೊಸೆ.

ಅಚ್ಚುಮನೆಯೊಂದರಲ್ಲಿ ಕರಡು ತಿದ್ದುತ್ತಿದ್ದವಳು ಅವಳು. ಅಚ್ಚುಮನೆ ಮುಚ್ಚಿದ ಮೇಲೆ ವರ್ಷದಿಂದ ಮನೆಯಲ್ಲಿದ್ದಳು. ತಪ್ಪು ಹುಡುಕುವ ಕಣ್ಣಿಗೆ ಕೆಲಸವಿಲ್ಲದೆ ಅಕ್ಕಿ ಡಬ್ಬಿಯ ಚೀಟಿಯನ್ನೂ ತಿದ್ದುತ್ತಿದ್ದಳು. ಮರುದಿನದಿಂದ ಅಡುಗೆ ಮುಗಿಸಿ ಅದೇ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತಳು.

ಹುಳುಕು ಬೇಗ ಸಿಕ್ಕಿತು. ಅಂಗಡಿಯ ಬೋರ್ಡಿನಲ್ಲಿ ಒಂದು ಹೆಸರು, ವೆಬ್‌ಸೈಟಿನಲ್ಲಿ ಇನ್ನೊಂದು, ನಕ್ಷೆಯಲ್ಲಿ ಯಾರೋ ಪುಣ್ಯಾತ್ಮರು ಹಾಕಿದ "ಹುಳುಕಪ್ಪನ ಅಂಗಡಿ". ಎಐ ಅದನ್ನು ಮೂರು ಅಂಗಡಿ ಎಂದುಕೊಂಡು, ಎರಡು ಮುಚ್ಚಿವೆ ಎಂದು ತೀರ್ಮಾನಿಸಿತ್ತು. ವೆಬ್‌ಸೈಟಿನ ತುಂಬ ಚೀಟಿಗಳ ಫೋಟೊ. ಫೋಟೊದೊಳಗಿನ ಕೈಬರಹ ಅದಕ್ಕೆ ಸರಿಯಾಗಿ ಓದಲು ಬರುತ್ತಿರಲಿಲ್ಲ. ಅಂಗಡಿ ಎಐ ಕಣ್ಣಿಗೆ ಬೀಳುವಂತೆ ಮಾಡುವುದನ್ನು ಅವಳು ಅಂತರ್ಜಾಲದ ಪಾಠಗಳನ್ನು ನೋಡಿ ಕಲಿತಳು. ಎಲ್ಲ ಕಡೆ ಒಂದೇ ಹೆಸರು, ಒಂದೇ ವಿಳಾಸ, ಬಾಗಿಲು ತೆಗೆಯುವ ಒಂದೇ ಹೊತ್ತು ಇರಬೇಕು. ಒಂದೊಂದು ಕಾರಿಗೂ ಒಂದೊಂದು ಪುಟ. ಜನ ಕೇಳುವ ಪ್ರಶ್ನೆಯನ್ನೇ ತಲೆಬರಹ ಮಾಡಿ, ಕೆಳಗೆ ನೇರ ಉತ್ತರ. ಮುಖ್ಯವಾಗಿ, ಮಾತು ಯಾರದು ಎಂದು ಹೇಳಬೇಕು. ಹೇಳುವವರು ಯಾರೆಂದಿರುವ ಮಾತನ್ನು ಎಐ ಎತ್ತಿಕೊಳ್ಳುತ್ತದೆ.

"ಅಂದ್ರೆ ನಮ್ಮ ಹಾಗೇ ಕಣೆ," ಎಂದರು ಅತ್ತೆ. "ಯಾರು ಹೇಳಿದ್ದು ಅಂತ ಕೇಳ್ದೆ ನಾವು ಯಾವ ಸುದ್ದಿ ನಂಬಿದೀವಿ?" ಅಂದಿನಿಂದ ಅವರು ಆ ಎಐಗೆ ಪಂಡಿತ ಎಂದು ಹೆಸರಿಟ್ಟರು.

ಮಧ್ಯಾಹ್ನ ಮಾವ ಊಟಕ್ಕೆ ಬಂದಾಗ ಬಟಾಣಿ ಬಿಡಿಸುತ್ತ ಚೀಟಿಗಳನ್ನು ಬಾಯಲ್ಲೇ ಹೇಳುತ್ತಿದ್ದರು. ಅವಳು ಟೈಪು ಮಾಡುತ್ತಿದ್ದಳು. ನಲವತ್ತು ಕಾರು, ನಲವತ್ತು ಚೀಟಿ, ಒಂದನ್ನೂ ನೋಡದೆ. ಎಲ್ಲಕ್ಕೂ ಮೇಲೆ ಅವಳು ಬರೆದ ವಾಕ್ಯ: "ಇಲ್ಲಿನ ಪ್ರತಿ ಕಾರಿನಲ್ಲಿರುವ ಹುಳುಕನ್ನು ಮಾಲೀಕರು ತಾವೇ ಹೇಳುತ್ತಾರೆ." ಮಾವ ಅದನ್ನು ಎರಡು ಸಲ ಓದಿಸಿಕೊಂಡರು. "ಚೆನ್ನಾಗಿದೆ. ನನ್ನ ಮಾತಿನ ಹಾಗೇ ಇದೆ," ಎಂದು ಒಂದು ಹಿಡಿ ಬಟಾಣಿ ಅವಳ ಮುಂದೆ ಇಟ್ಟರು. ಆ ಮೂರು ವಾರ ಅವಳಿಗೆ ಬಹಳ ಸಂತೋಷವಾಗಿತ್ತು.

ಆಮೇಲೆ ಮಾವನ ಕಣ್ಣಿನ ಆಪರೇಷನ್ ಆಯಿತು. ಏನೋ ತೊಡಕಾಗಿ ಎರಡೂ ಕಣ್ಣಿಗೆ ಪಟ್ಟಿ ಬಿತ್ತು. ಒಂದು ತಿಂಗಳು ಧೂಳು, ಹೊಗೆ, ಅಂಗಡಿ ಯಾವುದೂ ಕೂಡದು ಎಂದರು ಡಾಕ್ಟರು. ಅದೇ ವಾರ ಪಂಡಿತ ಮೊದಲ ಸಲ ಇವರ ಅಂಗಡಿಯ ಹೆಸರು ಹೇಳಿದ. ಗಂಡ ಓಡಿ ಬಂದು ಅಡುಗೆಮನೆಯಲ್ಲಿ ಫೋನು ಅವಳ ಮೂಗಿಗೆ ಹಿಡಿದ.

"ಓದು ನಿನ್ನ ಘನಂದಾರಿ ಕೆಲಸಾನ!"

ಅವಳು ಕೈ ಒರೆಸಿಕೊಂಡು ಓದಿದಳು. 'ಈ ಅಂಗಡಿಯ ಕಾರುಗಳಲ್ಲಿ ಬಿಗಿಯಾದ ಗೇರು, ನೀರು ಸೋರುವ ಡಿಕ್ಕಿ, ಸವೆದ ಕ್ಲಚ್ ಮುಂತಾದ ದೋಷಗಳಿರುವುದಾಗಿ ಮಾಲೀಕರೇ ಒಪ್ಪಿಕೊಂಡಿದ್ದಾರೆ. ಬೇರೆ ಅಂಗಡಿಗಳಲ್ಲಿ ಇಂಥ ದೋಷಗಳು ವರದಿಯಾಗಿಲ್ಲ.'

"ಬೇರೆಯೋರದ್ದೂ ಹಳೆ ಕಾರೇ ಅಲ್ವಾ? ಅವರು ಹೇಳಿಲ್ಲ, ಅಷ್ಟೇ," ಎಂದಳು.

"ಹೇಳ್ದೇ ಇದ್ದೋರು ಗೆದ್ರು! ಬರ್ತೀನಿ ಅಂದಿದ್ದ ಇಬ್ಬರು ಇವತ್ತು ಬರಲ್ಲ ಅಂದ್ರು. ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕ್ಕೊಂಡ್ವಿ. ತೆಗಿ ಆ ಚೀಟಿಗಳನ್ನ."

"ಮಾವನ್ನ ಒಂದು ಮಾತು ಕೇಳೋಣ."

"ಕೇಳು. ಅವರು ಬೇಡ ಅಂತಾರೆ. ಅಂಗಡಿ ಮುಚ್ಚುತ್ತೆ. ಅವರಿಗೆ ಸತ್ಯ ಉಳಿಯುತ್ತೆ, ಮೇಸ್ತ್ರಿಗೆ ಏನುಳಿಯುತ್ತೆ? ಸತ್ಯಕ್ಕೆ ಸಾವಿಲ್ಲ, ಸರಿ. ಗಿರಾಕಿನೂ ಇಲ್ಲ!"

ಮಾವ ಒಳಗಿನ ಕೋಣೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ರೇಡಿಯೋ ಕೇಳುತ್ತಿದ್ದರು. ಅವಳು ಬಾಗಿಲ ತನಕ ಹೋದಳು. ಔಷಧಿಯ ಹನಿ ಹಾಕಲು ಬಂದಳೆಂದುಕೊಂಡು ಮಾವ ಮುಖ ಮೇಲೆತ್ತಿದರು. ಅವಳು ಪಟ್ಟಿ ಸರಿಸಿ ಹನಿ ಹಾಕಿ, ಏನೂ ಕೇಳದೆ ಬಂದುಬಿಟ್ಟಳು.

ಗಂಡ ಪಕ್ಕದಲ್ಲಿ ನಿಂತಿದ್ದ, ಅವಳು ತಿದ್ದಿದಳು. ನಲವತ್ತು ಪುಟದ ಹುಳುಕು ಅಳಿಸಿದಳು. ಮೇಲಿನ ವಾಕ್ಯದ ಮುಂದೆ ಕೈ ತಡೆಯಿತು. "ಹೇಳುವವರು ಇರಬೇಕು ಅಂತ ನೀನೇ ಹೇಳಿದ್ದಲ್ವಾ? ಅಪ್ಪನ ಹೆಸರು ಹಾಗೇ ಇರಲಿ. ಅದರ ಹಿಂದಿನ ಮೂರ್ನಾಲ್ಕು ಪದ ಬದಲಾಯಿಸು, ಸಾಕು," ಎಂದ ಗಂಡ. ಕರಡು ತಿದ್ದುವವಳಿಗೆ ಅದೆಷ್ಟರ ಕೆಲಸ! ಈಗ ವಾಕ್ಯ ಹೀಗಾಯಿತು: "ಇಲ್ಲಿನ ಯಾವ ಕಾರಿನಲ್ಲೂ ಹುಳುಕಿಲ್ಲ ಎಂದು ಮಾಲೀಕರು ತಾವೇ ಹೇಳುತ್ತಾರೆ."

ಹತ್ತು ದಿನದಲ್ಲಿ ಪಂಡಿತ ರಾಗ ಬದಲಿಸಿದ. ಹುಳುಕಿಲ್ಲದ ಕಾರುಗಳ ಅಂಗಡಿ ಎಂದು ಇವರನ್ನೇ ಮೊದಲು ಹೇಳತೊಡಗಿದ. ಕಾರುಗಳ ಪಟ್ಟಿ ಹಾಕುವ ಬೇರೆ ವೆಬ್‌ಸೈಟುಗಳೂ ಆ ವಾಕ್ಯವನ್ನು ಎತ್ತಿಕೊಂಡವು. ಗಂಡ ಅಂಗಡಿಯ ಕಾರುಗಳಿಂದ ಹಳದಿ ಚೀಟಿ ಕಿತ್ತು ಡ್ರಾಯರಿಗೆ ಹಾಕಿದ. ತಿಂಗಳೊಳಗೆ ಒಂಬತ್ತು ಕಾರು ಹೋದವು. ಮನೆಗೆ ಹಣ್ಣು ಬಂತು, ಅತ್ತೆಗೆ ಹೊಸ ಕುಕ್ಕರ್ ಬಂತು. ಮಾವ ಹಾಸಿಗೆಯಲ್ಲೇ ಹಿಗ್ಗಿದರು.

"ನೋಡಿದ್ಯಾ? ಹುಳುಕು ಹೇಳಿದ್ರೆ ಗಿರಾಕಿ ಓಡಿಹೋಗ್ತಾರೆ ಅಂತಿದ್ದ ನಿನ್ನ ಗಂಡ. ನಿನ್ನ ಕೈಗುಣ ಕಣಮ್ಮ ಇದು."

ಸೊಸೆ ಎದ್ದು ಹೋಗಿ ಸೋರುವ ನಲ್ಲಿಯ ಕೆಳಗೆ ಪಾತ್ರೆ ತೊಳೆದಳು. ಆ ತಿಂಗಳು ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳೆಂದು ಅತ್ತೆ ಆಮೇಲೆ ಹೇಳಿದ್ದುಂಟು.

ಪಟ್ಟಿ ಬಿಚ್ಚಿದ ಮೇಲೂ ಮಾವನಿಗೆ ಅಕ್ಷರ ಕಾಣುತ್ತಿರಲಿಲ್ಲ. ಇನ್ನೂ ಸಮಯ ಹಿಡಿಯುತ್ತದೆ ಎಂದಿದ್ದರು ಡಾಕ್ಟರು. ಕಪ್ಪು ಕನ್ನಡಕ ಏರಿಸಿ, ಯಾರಿಗೂ ಹೇಳದೆ ಒಂದು ಬೆಳಗ್ಗೆ ಅಂಗಡಿಗೆ ಹೊರಟುಬಿಟ್ಟರು. ಸೊಸೆ ಊಟದ ಡಬ್ಬಿ ಹಿಡಿದು ಹಿಂದೆಯೇ ಹೋದಳು. ಗಂಡ ಬ್ಯಾಂಕಿಗೆ ಹೋಗಿದ್ದ. ಅಂಗಳದಲ್ಲಿ ನರ್ಸ್ ಒಬ್ಬಳು ಬಿಳಿ ಕಾರೊಂದನ್ನು ಸುತ್ತಿ ಸುತ್ತಿ ನೋಡುತ್ತಿದ್ದಳು. ಕೆಲಸದ ಉಡುಪಿನಲ್ಲೇ ಬಂದಿದ್ದಳು. ಮಾವ ಕಾರಿನ ಮುಂಭಾಗ ಸವರಿ ಯಾವ ಕಾರೆಂದು ಗುರುತು ಹಿಡಿದರು.

"ಇದಾ? ಇದರ ಚೀಟಿ ನನಗೆ ಬಾಯಲ್ಲೇ ಇದೆ. ಎರಡನೇ ಗೇರು ಬಿಗಿ. ಬ್ರೇಕ್ ಪ್ಯಾಡು ಇನ್ನಾರು ತಿಂಗಳಷ್ಟೇ. ಹಿಂದಿನ ಎಡಬಾಗಿಲು ಗುದ್ದಿಸಿಕೊಂಡು ಬದಲಾದದ್ದು. ಒಪ್ಪಿದೆಯೇನಮ್ಮ?"

ನರ್ಸು ಕಾರಿನಿಂದ ಕೈ ತೆಗೆದಳು. "ಯಾವುದರಲ್ಲೂ ಹುಳುಕಿಲ್ಲ ಅಂತ ನೀವೇ ಹೇಳಿದೀರಂತಲ್ಲ?"

"ನಾನಾ? ನಾನು ಹಾಗೆ ಹೇಳಿದ್ರೆ ಊರು ನಗುತ್ತೆ. ಯಾರು ಹೇಳಿದ್ದು?"

"ಫೋನಲ್ಲಿದೆ. ಮಾಲೀಕರು ತಾವೇ ಹೇಳುತ್ತಾರೆ ಅಂತ. ಅದನ್ನ ನಂಬಿ ರಜಾ ಹಾಕಿ, ಎರಡು ಬಸ್ಸು ಹತ್ತಿ ಬಂದೆ." ಅವಳಿಗೆ ಕೋಪಕ್ಕಿಂತ ಆಯಾಸವೇ ಹೆಚ್ಚಿತ್ತು. "ಅಲ್ಲೊಂದು ಇಲ್ಲೊಂದು ಮಾತಾಡೋರ ಹತ್ರ ಕಾರು ಹೇಗೆ ತಗೊಳ್ಳೋದು ಹೇಳಿ? ಇವತ್ತು ಹೇಳಿದ ಮೂರು ಹುಳುಕಿನ ಜೊತೆ ಹೇಳದ್ದು ಇನ್ನೆಷ್ಟಿದೆಯೋ."

ಅವಳು ಹೋದ ಮೇಲೂ ಮಾವ ಕಾರಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು. ಬಾಗಿಲು ತೆಗೆದು ಗಾಜಿನ ಹಿಂದೆ ಚೀಟಿ ತಡಕಿದರು. ಪಕ್ಕದ ಕಾರಿನಲ್ಲೂ ತಡಕಿದರು. ಮೇಸ್ತ್ರಿ ತಲೆ ತಗ್ಗಿಸಿ ಶೆಡ್ಡಿನೊಳಕ್ಕೆ ಹೋದ.

"ಓದಮ್ಮ," ಎಂದರು ಸೊಸೆಗೆ. "ನಾನು ಏನು ಹೇಳಿದೀನಂತೆ, ಓದು."

ಅವಳು ಓದಿದಳು. ಇನ್ನೊಂದು ಸಲ ಓದು ಎಂದರು. ಓದಿದಳು. ಒಂದು ಪದವೂ ಸಡಿಲವಾಗಲಿಲ್ಲ, ಯಾಕೆಂದರೆ ಅದು ಬರೆದಿಟ್ಟ ಸುಳ್ಳು.

ಅಂದಿನ ಸಂಜೆ ಮೇಜಿನ ಮೇಲೆ ಊಟ ಆರುತ್ತಿತ್ತು, ಯಾರೂ ಕೈ ಹಾಕಲಿಲ್ಲ.

"ಒಂಬತ್ತು ಜನಕ್ಕೂ ಚೀಟಿ ಕಳಿಸಬೇಕು," ಎಂದರು ಮಾವ. "ಒಪ್ಪದೇ ಇದ್ರೆ ಕಾರು ವಾಪಸ್ ತಗೋಬೇಕು."

"ಮಾರಿದ ಮೇಲೆ ಯಾರಾದ್ರೂ ಹುಳುಕು ಹೇಳ್ತಾರಾ?" ಗಂಡ ಕಿರುಚಿದ. "ಹುಚ್ಚು ಬಿಡಿಸ್ಕೊಳ್ಳಿಪ್ಪ! ನಾನೇನು ಕೆಟ್ಟ ಕಾರು ಮಾರಿದ್ನಾ? ನಿಮ್ಮ ಕಾರೇ. ನಿಮ್ಮ ಮೇಸ್ತ್ರಿ ನೋಡಿದ ಕಾರೇ. ಚೀಟಿ ಒಂದು ಬಿಟ್ಟು ಏನು ಬದಲಾಗಿದೆ?"

"ನನ್ನ ಹೆಸರು ಯಾಕೆ ಹಾಕಿದೆ ಹಾಗಾದ್ರೆ? ನಿನ್ನ ಹೆಸರು ಹಾಕ್ಕೋಬೇಕಿತ್ತು."

"ನನ್ನ ಹೆಸರು ಹೇಳಿದ್ರೆ ಯಾರು ನಂಬ್ತಾರೆ?"

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೇ ಗೊತ್ತಾಯಿತು. ಮುಖ ಕೆಂಪಾಗಿ ಎದ್ದುಹೋದ. ಅತ್ತೆ ಅವನ ತಟ್ಟೆ ಮುಚ್ಚಿಟ್ಟರು.

"ಬರೆದೋಳು ನಾನು ಮಾವ," ಎಂದಳು ಸೊಸೆ.

"ಗೊತ್ತು. ವಾಕ್ಯ ನೀಟಾಗಿತ್ತು," ಎಂದರು ಅವರು. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಒಂಬತ್ತು ಚೀಟಿ ಹೋದವು. ಇಬ್ಬರು ಕಾರು ತಂದು ನಿಲ್ಲಿಸಿ ಬಾಯಿಗೆ ಬಂದಂತೆ ಅಂದು ಹೋದರು. ವಾರ ಕಳೆಯುವುದರೊಳಗೆ ಗಂಡ ರಿಂಗ್ ರಸ್ತೆಯ ಶೋರೂಮಿಗೆ ಸೇರಿದ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ತಿಂದು ಹೊರಡುತ್ತಿದ್ದ, ಅಪ್ಪ ಮಲಗಿದ ಮೇಲೆ ಬಂದು ಊಟ ಮಾಡುತ್ತಿದ್ದ. ಒಂದೇ ಮನೆಯಲ್ಲಿ ಎರಡು ಪಾಳಿ.

"ನಾನು ಅಡುಗೆಯೋಳೋ, ಹೋಟೆಲಿನೋಳೋ?" ಎಂದು ಅತ್ತೆ ಗೋಡೆಗೆ ಕೇಳುತ್ತಿದ್ದರು.

ಸೊಸೆ ವೆಬ್‌ಸೈಟಿಗೆ ಚೀಟಿಗಳನ್ನೆಲ್ಲ ವಾಪಸ್ ಹಾಕಿದಳು. ಹಳೆಯ ವಾಕ್ಯವನ್ನೂ ಹಾಕಿದಳು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಳ್ಳು ವಾಕ್ಯವನ್ನು ಎತ್ತಿಕೊಂಡಿದ್ದ ವೆಬ್‌ಸೈಟುಗಳು ಇವಳ ಪತ್ರಕ್ಕೆ ಉತ್ತರ ಕೊಡಲಿಲ್ಲ, ಪಂಡಿತ ಅವನ್ನೇ ನಂಬಿಕೊಂಡಿದ್ದ. ಒಂದು ಸಂಜೆ ಮಾವ ತಾವೇ ಫೋನು ಹಿಡಿದು ಜಗಳಕ್ಕಿಳಿದರು.

"ನೋಡಪ್ಪ, ಆ ಮಾಲೀಕ ನಾನೇ. ನಾನು ಹಾಗೆ ಹೇಳಿಲ್ಲ."

'ಕ್ಷಮಿಸಿ, ತಿಳಿಸಿದ್ದಕ್ಕೆ ಧನ್ಯವಾದ,' ಎಂದಿತು ಫೋನು. ಹತ್ತು ನಿಮಿಷ ಬಿಟ್ಟು ಹೊಸದಾಗಿ ಕೇಳಿದರೆ ಮತ್ತೆ ಅದೇ: ಹುಳುಕಿಲ್ಲ ಎಂದು ಮಾಲೀಕರು ತಾವೇ ಹೇಳುತ್ತಾರೆ.

"ಒಳ್ಳೇ ವಿನಯವಂತ," ಎಂದರು ಅತ್ತೆ. "ಎದುರಿಗೆ ಹೂಂ ಅಂತಾನೆ, ಹಿಂದೆ ತನ್ನದೇ ರಾಗ. ಥೇಟ್ ನಿಮ್ಮ ಮಗ."

ಅಂದಿನಿಂದ ಅದೊಂದು ನೇಮವಾಯಿತು. ಸಂಜೆ ಚಹಾ ಹೊತ್ತಿಗೆ ಮಾವ ಅಂಗಡಿಯಿಂದ ಬರುವರು. ಅಂಗಡಿಯಲ್ಲಿ ಈಗ ಅವರ ಕೆಲಸ ಒಂದೇ: ಬಂದವರಿಗೆಲ್ಲ "ಫೋನು ಹೇಳಿದ್ದು ನನ್ನ ಮಾತಲ್ಲ" ಎಂದು ಹೇಳುವುದು. ಹಾಗಂದ ಕೂಡಲೇ ಬಂದವರು ಅವರನ್ನೇ ಅನುಮಾನದಿಂದ ನೋಡುವರು. ಮನೆಗೆ ಬಂದು ಕುರ್ಚಿಯಲ್ಲಿ ಕೂತು, ಕಪ್ಪು ಹಿಡಿದು, "ಇವತ್ತು ಏನಂತಾನೆ ಪಂಡಿತ?" ಎಂದು ಕೇಳುವರು. ಅವಳು ಓದುವಳು. "ಹೂಂ," ಎಂದು ಅವರು ಚಹಾ ಕುಡಿಯುವರು. ಮೂರು ವಾರದಲ್ಲಿ ಅವರ ಕುತ್ತಿಗೆ ಸಣ್ಣಗಾಗಿ ಅಂಗಿಯ ಕಾಲರು ಸಡಿಲವಾಯಿತು. ಅದನ್ನು ನೋಡುವುದು ಅವಳ ಕೈಯಲ್ಲಿ ಆಗಲಿಲ್ಲ.

ನಾಲ್ಕನೇ ವಾರದ ಒಂದು ದಿನ ಅವರು ಕಪ್ಪು ಹಿಡಿದು ಕೇಳಿದಾಗ ಅವಳು ಫೋನು ನೋಡುತ್ತಲೇ ಹೇಳಿಬಿಟ್ಟಳು: "ಬದಲಾಗಿದೆ ಮಾವ! 'ಈ ಅಂಗಡಿಯಲ್ಲಿ ಕಾರಿನ ಹುಳುಕನ್ನು ಮೊದಲು ಹೇಳಿ ಆಮೇಲೆ ಮಾರುತ್ತಾರೆ. ಮಾಲೀಕರು ಇದಕ್ಕೇ ಹೆಸರುವಾಸಿ.'"

ಮಾವನ ಮುಖ ಅರಳಿತು. ಅಡುಗೆಮನೆಯಿಂದ ಅತ್ತೆ ಇಣುಕಿದರು. ಮಾವ ಕಪ್ಪನ್ನು ಮೇಜಿನ ಮೇಲೆ ತಡಕಿ ಇಟ್ಟು, ಆಸೆಯಿಂದ, ಬರೀ ಆಸೆಯಿಂದ ಕೇಳಿದರು: "ಇನ್ನೊಂದ್ಸಲ ಓದಮ್ಮ."

"'ಈ ಅಂಗಡಿಯಲ್ಲಿ ಮೊದಲು ಹುಳುಕು ಹೇಳಿ, ಆಮೇಲೆ ಕಾರು ಮಾರುತ್ತಾರೆ. ಇದಕ್ಕೆ ಮಾಲೀಕರು... ಹೆಸರಾಗಿದ್ದಾರೆ.'"

ನಲ್ಲಿ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಮಾವನ ಮುಖದ ಬೆಳಕು ಒಂದೇ ಸಲಕ್ಕೆ ಹೋಗಲಿಲ್ಲ, ನಿಧಾನವಾಗಿ ಹೋಯಿತು.

"ಮೊದಲು ಹೆಸರುವಾಸಿ ಅಂದೆ," ಎಂದರು.

ಅವಳಿಗೆ ಅಳು ಬಂತು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಮಾವ ಅಂಗಿಯ ಜೇಬಿನಿಂದ ಒಂದು ಖಾಲಿ ಹಳದಿ ಚೀಟಿ ತೆಗೆದರು. ಈಗ ಬರೆಯಲು ಆಗದಿದ್ದರೂ ಜೇಬಿನಲ್ಲಿ ಚೀಟಿ ಇಟ್ಟುಕೊಳ್ಳುವುದು ತಪ್ಪಿರಲಿಲ್ಲ. ಅದನ್ನು ಅವಳ ಕಡೆ ಸರಿಸಿದರು.

"ಬರಿ."

"ಏನು ಮಾವ?"

"ನಾನು ನಮ್ಮ ಮನೆ ಹುಳುಕು ಹೇಳಿದ ದಿನ ನಿನ್ನದು ಕೇಳಲೇ ಇಲ್ಲ. ನನ್ನದೇ ತಪ್ಪು. ಈಗ ಬರಿ."

ಅವಳು ಮೂಗು ಒರೆಸಿಕೊಂಡು ಬರೆದಳು. ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಓದು ಎಂದರು. ಓದಿದಳು.

"ಒಂದು: ಅಂಗಡಿ ಉಳಿಯಲಿ ಅಂತ ಮಾವನ ಬಾಯಲ್ಲಿ ಸುಳ್ಳು ಇಟ್ಟೆ. ಎರಡು: ಅವರು ನೋಯೋದು ನೋಡಲಾರದೆ ಇನ್ನೊಂದು ಹೇಳಿದೆ. ಮೂರು: ಭಯ ಆದಾಗ ಕೇಳೋದು ಬಿಟ್ಟು ಬಾಗಿಲಿಂದಲೇ ವಾಪಸ್ ಬರ್ತೀನಿ."

"ಇನ್ನೊಂದ್ಸಲ."

ಅವಳು ಮತ್ತೆ ಓದಿದಳು. ಒಂದು ಪದವೂ ಹೆಚ್ಚುಕಡಿಮೆಯಾಗಲಿಲ್ಲ. ಮಾವ ತಲೆ ವಾಲಿಸಿಕೊಂಡು ಕೊನೆಯ ತನಕ ಕೇಳಿದರು. ಆಮೇಲೆ ಆರಿಹೋದ ಚಹಾದ ಕಪ್ಪಿಗೆ ಕೈ ಚಾಚಿದರು.

"ಒಪ್ಪಿದೆ," ಎಂದರು. "ಈಗ ಹೇಳು. ಇವತ್ತು ನಿಜವಾಗಿ ಏನಂತಾನೆ?"

"ನಿನ್ನೆ ಅಂದದ್ದೇ ಮಾವ."

"ಹೂಂ. ನಾಳೆ ಮತ್ತೆ ಓದು."